ಜ್ವರ ಬಂದವರ ರೊಕ್ಕ ವಾಪಸ್ ಕೊಡಿ: ದ್ವೀಪದ ಟೂರ್ ನಡೆಸುವವರಿಗೂ ಪ್ರವಾಸೋದ್ಯಮ ಇಲಾಖೆಗೂ ಒಂದು ಬಹಿರಂಗ ಪತ್ರ

ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಿಗೆ,
ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಟೂರ್ ನಡೆಸುವ ಎಲ್ಲರಿಗೂ,

ಮಾನ್ಯರೇ, ನಮಸ್ಕಾರ.

ದಸರಾ ಮುಗಿದರೆ ಸಾಕು, ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಅಂಡಮಾನ್ ಟೂರಿನ ಬ್ಯಾನರ್‌ಗಳು ಏಳುತ್ತವೆ. ನೀಲಿ ನೀರು, ಬಿಳಿ ಮರಳು, ಸೆಲ್ಯುಲರ್ ಜೈಲು, ಜೊತೆಗೆ 'ನಮ್ಮ ಕಡೆ ಊಟ' ಅಂತ ದಪ್ಪ ಅಕ್ಷರ. ರಿಟೈರ್ ಆದ ಮಾಸ್ತರರು, ಬ್ಯಾಂಕಿನವರು, ಎಲ್‌ಟಿಸಿ ಸಿಗುವ ನೌಕರರು, ಹೊಸದಾಗಿ ಮದುವೆಯಾದವರು, ಎಲ್ಲರೂ ಹೋಗುತ್ತಾರೆ. ಹೋಗಲಿ, ಬೇಡ ಅನ್ನೋಕೆ ನಾನ್ಯಾರು. ಕಣ್ಣು ಹಾಯಿಸಿದಷ್ಟು ದೂರ ತೊಗರಿ ಹೊಲ ನೋಡಿ ಬೆಳೆದ ನಮಗೆ ಸಮುದ್ರ ಅಂದ್ರೆ ಆಸೆನೇ. ಆದರೆ ಅದೇ ಟೂರಿನ ಕಾಗದದ ಹಿಂದೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಹೊರಡೋಕೆ ಹದಿನೈದು ದಿನ ಇರುವಾಗಿನಿಂದ ಯಾವ ಕಾರಣಕ್ಕೆ ಬಿಟ್ಟರೂ ಹಣ ವಾಪಸ್ ಇಲ್ಲ. ನನ್ನ ತಕರಾರು ಈ ಒಂದು ಸಾಲಿನ ಮೇಲೆ. ಯಾಕಂದ್ರೆ ಈ ಸಾಲು ರೋಗ ಹರಡುತ್ತದೆ.

ಹೇಗೆ ಅಂತ ನೋಡಿದ್ದನ್ನೇ ಹೇಳ್ತೀನಿ. ನಾವು ಹೋಗಿದ್ದು ನಮ್ಮೂರಿನ ಒಬ್ಬ ಸಣ್ಣ ಟೂರಿನವರ ಜೊತೆ, ಹೆಸರು ಬೇಡ. ಚೆನ್ನೈ ರೈಲು ಹತ್ತಿ ಇನ್ನೂ ವಾಡಿ ಜಂಕ್ಷನ್ ದಾಟಿರಲಿಲ್ಲ, ನಮ್ಮ ಸಾಲಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಶಾಲು ಹೊದ್ದು ನಡುಗುತ್ತಿದ್ದರು. ಕೆಮ್ಮು ಬೇರೆ. ಅವರ ಹೆಂಡತಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಡಬ್ಬಿ ಬಿಚ್ಚಿ ಎಲ್ಲರಿಗೂ ಹಂಚುತ್ತಿದ್ದರು, ಗಂಡನಿಗೆ ಮಾತ್ರ ಬ್ರೆಡ್ಡು. ಹುಷಾರಿಲ್ಲದವರನ್ನ ಕರಕೊಂಡು ಯಾಕೆ ಹೊರಟ್ರಿ ಅಂತ ಯಾರೋ ಕೇಳಿದರು. ಆ ತಾಯಿ ಹೇಳಿದ್ದು ಇಷ್ಟೇ: 'ಇಬ್ಬರದೂ ರೊಕ್ಕ ಕಟ್ಟೇವಲ್ರಿ ಅಣ್ಣಾ, ಈಗ ಬಿಡ್ಲಾಕ ಬರ್ತದೇನು?' ಟೂರಿನವರು ಬಂದು, 'ಏನಾಗಲ್ರಿ, ಹವಾ ಬದಲಾದ್ರ ಜ್ವರ ತಾನೇ ಇಳೀತದ' ಅಂತ ನಕ್ಕು ಹೋದರು. ಚೆನ್ನೈ ವಿಮಾನ ನಿಲ್ದಾಣಕ್ಕೆ ಹೋಗೋ ಮುಂಚೆ ಒಂದು ಜ್ವರದ ಗುಳಿಗೆ ನುಂಗಿಸಿದರು. ಮೈ ಬೆವರಿತು, ಜ್ವರ ಇಳಿಯಿತು, ವಿಮಾನ ಹತ್ತಿದರು. ಗುಳಿಗೆ ಜ್ವರ ಇಳಿಸುತ್ತದೆ, ರೋಗ ಅಂಟೋದನ್ನ ನಿಲ್ಲಿಸಲ್ಲ ಅಂತ ಅಲ್ಲಿ ಯಾರಿಗೆ ಹೇಳೋದು?

ಇದಾದರೂ ಪರವಾಗಿಲ್ಲ. ಮುಂದಿನದು ನನಗೆ ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ನಮ್ಮ ಗುಂಪಿನಲ್ಲಿ ಇನ್ನೊಂದು ಕುಟುಂಬ ಇತ್ತು, ಜೊತೆಗೆ ಸಣ್ಣ ಹುಡುಗ. ಹ್ಯಾವ್‌ಲಾಕ್‌ನಲ್ಲಿ, ಅದೇ ಈಗಿನ ಸ್ವರಾಜ್ ದ್ವೀಪದಲ್ಲಿ, ಅವನಿಗೆ ಜ್ವರ ಶುರುವಾಯಿತು. ಮೂಗು ಸುರಿಯುತ್ತಿತ್ತು, ಕಣ್ಣು ಕೆಂಪು. ಸಮುದ್ರದಲ್ಲಿ ಆಡಿದ್ದಕ್ಕೆ ಅಂತ ಎಲ್ಲರೂ ಅಂದುಕೊಂಡರು. ಮರುದಿನ ಪೋರ್ಟ್ ಬ್ಲೇರ್‌ಗೆ (ಈಗ ಶ್ರೀ ವಿಜಯಪುರಂ) ಬಂದೆವು, ಅದರ ಮುಂದಿನ ನಸುಕಿನಲ್ಲಿ ಬಾರಾಟಾಂಗ್‌ಗೆ ಹೊರಡಬೇಕಿತ್ತು. ಸುಣ್ಣದ ಕಲ್ಲಿನ ಗುಹೆ ನೋಡೋಕೆ. ಹುಡುಗನ ತಾಯಿ, 'ನಾವು ರೂಮಿನಾಗ ಇರ್ತೀವ್ರಿ, ನೀವು ಹೋಗಿ ಬರ್ರಿ' ಅಂದರು. ರೂಮು ಆ ರಾತ್ರಿಗೇ ಮುಗಿಯುತ್ತೆ, ಇರಬೇಕಂದ್ರೆ ಬೇರೆ ದುಡ್ಡು ಕೊಡಿ, ಗುಹೆಯ ದುಡ್ಡೂ ವಾಪಸ್ ಇಲ್ಲ ಅಂತ ಉತ್ತರ ಬಂತು. ಈ ಸ್ಥಿತಿಯಲ್ಲಿ ಹುಡುಗನ್ನ ಆ ಕಾಡಿನ ದಾರಿಯಲ್ಲಿ ಕರಕೊಂಡು ಹೋಗಬೇಡಿ ಅಂತ ನಾನು ಟೂರಿನವರಿಗೆ ಹೇಳಿದೆ. 'ನೀವು ಡಾಕ್ಟರಾ ಸರ್?' ಅಂದರು.

ಆ ದಾರಿ ಯಾವುದು ಗೊತ್ತಾ? ಅಂಡಮಾನಿನ ಮೂಲನಿವಾಸಿಗಳಾದ ಜಾರವಾ ಜನ ಇರುವ ಕಾಡಿನ ನಡುವೆ ಹೋಗುವ ಅಂಡಮಾನ್ ಟ್ರಂಕ್ ರೋಡು. ಜಿರ್ಕಾಟಾಂಗ್ ಎಂಬಲ್ಲಿ ಕತ್ತಲಲ್ಲೇ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಪೊಲೀಸರ ಕಾವಲಿನಲ್ಲಿ ಎಲ್ಲ ಒಟ್ಟಿಗೆ ಹೊರಡಬೇಕು. ಗೈಡ್ ಪಟ್ಟಿ ಒಪ್ಪಿಸಿದ: ಫೋಟೋ ತೆಗೆಯಬೇಡಿ, ಗಾಡಿ ನಿಲ್ಲಿಸೋ ಹಾಗಿಲ್ಲ, ಕಿಟಕಿ ತೆಗೆಯಬೇಡಿ, ಯಾರಿಗೂ ತಿನ್ನೋಕೆ ಕೊಡಬೇಡಿ. ಎಲ್ಲ ಸರಿಯಾದ ಮಾತೇ. ಜ್ವರ ಇದ್ದವರು ಬರಬೇಡಿ ಅನ್ನೋ ಮಾತು ಅವನ ಪಟ್ಟಿಯಲ್ಲಿ ಇರಲಿಲ್ಲ. ಹುಡುಗ ತಾಯಿಯ ತೊಡೆ ಮೇಲೆ ಮಲಗಿದ್ದ, ತಾಯಿ ಸೆರಗಿನಿಂದ ಅವನ ಮೂಗು ಒರೆಸುತ್ತಿದ್ದರು. ನಮ್ಮ ವ್ಯಾನಿನಲ್ಲಿ ಕೂತವರಿಗೆಲ್ಲ ಒಂದೇ ಆಸೆ, ಯಾರಾದರೂ ಜಾರವಾ ಕಾಣಬಹುದಾ ಅಂತ. ಮನುಷ್ಯರನ್ನ ಹುಲಿ ಸಫಾರಿ ತರಹ ನೋಡೋದು ಎಂಥ ಚಟವೋ, ಅದು ಬೇರೆ ಪತ್ರದ ವಿಷಯ.

ಊರಿಗೆ ಬಂದ ಕೂಡಲೇ ಆ ಹುಡುಗನ ಕಿವಿಯ ಹಿಂದಿನಿಂದ ಶುರುವಾಗಿ ಮೈಯೆಲ್ಲ ಕೆಂಪು ದದ್ದು ಎದ್ದಿತು. ಡಾಕ್ಟರ್ ದಡಾರ ಅಂದರು. ದಡಾರ ದದ್ದು ಏಳೋಕೆ ನಾಲ್ಕು ದಿನ ಮುಂಚಿನಿಂದಲೇ ಅಂಟುತ್ತದೆ. ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆವರೆಗೆ ವೈರಸ್ ಇರಬಹುದು. ಅಂದರೆ ಹಡಗಿನಲ್ಲಿ, ಹೋಟೆಲಿನಲ್ಲಿ, ಆ ವ್ಯಾನಿನಲ್ಲಿ, ಗುಹೆಗೆ ಹೋಗುವ ದೋಣಿಯಲ್ಲಿ ಆ ಹುಡುಗ ಅದನ್ನ ಹಂಚುತ್ತಲೇ ಇದ್ದ. ಅವನ ತಪ್ಪಲ್ಲ. ಅವನ ತಾಯಿಯ ತಪ್ಪೂ ಅಲ್ಲ, ಆ ಹೆಣ್ಣುಮಗಳು ಉಳಿಯುತ್ತೇನೆ ಅಂತ ಬಾಯಿಬಿಟ್ಟು ಹೇಳಿದ್ದರು.

ಸುಮ್ನೆ ಭಯ ಹುಟ್ಟಿಸ್ತಿದೀರಿ ಅಂತ ನೀವು ಅನ್ನಬಹುದು. ಇಲ್ಲ. ಜಾರವಾ ಜನ ಹೊರಗಿನವರ ಜೊತೆ ಬೆರೆಯೋಕೆ ಶುರು ಮಾಡಿದ್ದು 1998ರ ಸುಮಾರಿಗೆ. ಮರು ವರ್ಷವೇ ಅವರಲ್ಲಿ ದಡಾರ ಕಾಣಿಸಿಕೊಂಡಿತು, 2006ರಲ್ಲಿ ಮತ್ತೆ. 2011ರ ಜನಗಣತಿ ಪ್ರಕಾರ ಅವರು ಇದ್ದದ್ದೇ 380 ಜನ. ನಮ್ಮ ಕಡೆ ಒಂದು ಸಾಧಾರಣ ಮದುವೆಗೆ ಇದಕ್ಕಿಂತ ಜಾಸ್ತಿ ಜನ ಸೇರ್ತಾರೆ. ಅವರ ಪಕ್ಕದ ಗ್ರೇಟ್ ಅಂಡಮಾನಿಗಳು ಅನ್ನೋ ಇನ್ನೊಂದು ಮೂಲನಿವಾಸಿ ಗುಂಪಿನ ಕಥೆ ಇನ್ನೂ ಕೆಟ್ಟದ್ದು. 1858ರಲ್ಲಿ ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತು ಮಾಡಿದಾಗ ಅವರು ಸಾವಿರಗಟ್ಟಲೆ ಇದ್ದರು. 1877ರಲ್ಲಿ ದಡಾರ ಹೊಕ್ಕಿತು, ಬೇರೆ ರೋಗಗಳೂ ಬಂದವು. 1901ರ ಗಣತಿಯಲ್ಲಿ 625 ಜನ ಉಳಿದಿದ್ದರು. 1961ಕ್ಕೆ 19. ಈಗ ಐವತ್ತರ ಆಸುಪಾಸು. ಕೊರೊನಾ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ, ಆ ಐವತ್ತರಲ್ಲೇ ಹತ್ತು ಜನಕ್ಕೆ ಪಾಸಿಟಿವ್ ಬಂತು. ಪುಣ್ಯಕ್ಕೆ ಉಳಿದುಕೊಂಡರು.

ದ್ವೀಪ ಅಂದ್ರೆ ದೂರ, ಅಲ್ಲಿ ರೋಗ ಎಲ್ಲಿಂದ ಬರ್ಬೇಕು ಅಂತ ನಾವು ಅಂದುಕೊಳ್ಳೋದು. ಅಸಲಿಗೆ ಆ ದೂರವೇ ಅಪಾಯ. ಹತ್ತಾರು ವರ್ಷ ರೋಗವೇ ಬರದಿದ್ದರೆ ಊರಿನಲ್ಲಿ ಯಾರ ಮೈಯಲ್ಲೂ ತಡೆಯುವ ಶಕ್ತಿ ಇರಲ್ಲ, ಬಂದಾಗ ಒಂದೇ ಸಲ ಎಲ್ಲರನ್ನೂ ಮಲಗಿಸುತ್ತದೆ. ಪೆಸಿಫಿಕ್ ಸಾಗರದ ಸಮೋವಾ ನೋಡಿ. 1918ರ ನವೆಂಬರ್‌ನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ ತಾಲೂನ್ ಅನ್ನೋ ಹಡಗು ಅಲ್ಲಿಗೆ ಬಂತು. ಹಡಗಿನಲ್ಲಿ ಜ್ವರದವರಿದ್ದರು, ಆದರೂ ಇಳಿಯೋಕೆ ಬಿಟ್ಟರು. ಕೆಲವೇ ವಾರದಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಫ್ಲೂನಿಂದ ಸತ್ತರು. ಪಕ್ಕದಲ್ಲೇ ಇದ್ದ ಅಮೆರಿಕನ್ ಸಮೋವಾದ ಗವರ್ನರ್ ಹಡಗುಗಳನ್ನ ತಡೆದು ನಿಲ್ಲಿಸಿದ, ಅಲ್ಲಿ ಆ ಫ್ಲೂಗೆ ಒಬ್ಬರೂ ಸಾಯಲಿಲ್ಲ. ಅದೇ ಜನ, ಅದೇ ಗಾಳಿ, ಅದೇ ಸಮುದ್ರ. ಒಂದು ನಿರ್ಧಾರ ಮಾತ್ರ ಬೇರೆ.

ಹಳೇ ಕಾಲದ ಮಾತು ಅಂತೀರಾ? 2019ರಲ್ಲಿ ಅದೇ ಸಮೋವಾಕ್ಕೆ ಮತ್ತೆ ನ್ಯೂಜಿಲೆಂಡ್ ಕಡೆಯಿಂದಲೇ ದಡಾರ ಬಂತು, ಈ ಸಲ ವಿಮಾನದಲ್ಲಿ. ಅದರ ಹಿಂದಿನ ವರ್ಷ ಲಸಿಕೆಯ ಪುಡಿಗೆ ನೀರಿನ ಬದಲು ತಪ್ಪು ಔಷಧ ಬೆರೆಸಿ ಎರಡು ಕೂಸುಗಳು ಸತ್ತಿದ್ದವು. ಜನ ಹೆದರಿ ಲಸಿಕೆ ಬಿಟ್ಟಿದ್ದರು. ಎರಡು ಲಕ್ಷ ಜನರ ದೇಶದಲ್ಲಿ 83 ಸಾವು, ಹೆಚ್ಚಿನವು ಐದು ವರ್ಷದೊಳಗಿನ ಮಕ್ಕಳು. ಲಸಿಕೆ ಹಾಕಿಸಿಕೊಳ್ಳದವರು ಇರುವ ಮನೆ ಮುಂದೆ ಕೆಂಪು ಬಟ್ಟೆ ಕಟ್ಟಿ ಅಂತ ಸರ್ಕಾರ ಹೇಳಿತು. ಎರಡು ದಿನ ಇಡೀ ದೇಶ ಬಂದ್ ಮಾಡಿ ಮನೆ ಮನೆಗೆ ಹೋಗಿ ಲಸಿಕೆ ಹಾಕಿದರು. ಕ್ರಿಸ್ಮಸ್‌ಗೆ ಬರಬೇಕಿದ್ದ ಪ್ರವಾಸಿಗರು ಆಗ ಏನು ಮಾಡಿರಬೇಕು ಅಂತ ಹೇಳಬೇಕಾ.

ಇದರಲ್ಲಿ ನಮಗೇನು ಸಂಬಂಧ ಅನ್ನೋರಿಗೆ ಒಂದು ನೆನಪು ಮಾಡ್ತೀನಿ. 2006ರ ಚಿಕುನ್‌ಗುನ್ಯಾ ನೆನಪಿದೆಯಾ? ಊರಿಗೆ ಊರೇ ಕುಂಟುತ್ತಿತ್ತು. ಮುತ್ಯಾಗಳು ಗೋಡೆ ಹಿಡಿದು ನಡೀತಿದ್ದರು, ರೊಟ್ಟಿ ಬಡಿಯೋಕೆ ಅವ್ವಂದಿರ ಕೈ ಏಳುತ್ತಿರಲಿಲ್ಲ. ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಕೇಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದಲ್ಲಿ. ಆಫ್ರಿಕಾ ಮೂಲದ ಅದೇ ತಳಿಯ ವೈರಸ್ಸು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪವನ್ನ 2005-06ರಲ್ಲಿ ಮಲಗಿಸಿತ್ತು. ಅಲ್ಲಿನ ಮೂರರಲ್ಲಿ ಒಬ್ಬರಿಗೆ, ಅಂದರೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಆ ಜ್ವರ ಬಂತು. ಪ್ರವಾಸಿಗರು ಹೋಗೋದು ಬಿಟ್ಟರು, ಹೋಟೆಲುಗಳು ಖಾಲಿ ಬಿದ್ದವು. ಸಮುದ್ರದ ನಡುವಿನ ದ್ವೀಪ ಮತ್ತು ಸಮುದ್ರವೇ ಇಲ್ಲದ ನಮ್ಮ ಜಿಲ್ಲೆಗಳು, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಒಂದೇ ನೋವಿನಲ್ಲಿದ್ದವು. ಸೊಳ್ಳೆಗೆ ದೂರ ಹಾರೋಕೆ ಬರಲ್ಲ. ವೈರಸ್ಸನ್ನ ಊರಿಂದ ಊರಿಗೆ ಒಯ್ಯೋದು ವಿಮಾನ ಹತ್ತಿದ ಮನುಷ್ಯನೇ.

ಇನ್ನು ಊರಿನ ಹೆಸರು ಕೆಡೋದು ಅಂದ್ರೇನು ಅಂತ ಕಲಬುರಗಿಯವರಿಗೆ ಹೇಳಿಕೊಡಬೇಕಿಲ್ಲ. 2020ರ ಮಾರ್ಚ್ 10ರಂದು ನಮ್ಮೂರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಬಿಟ್ಟು ಅದು ಕೊರೊನಾ ಅಂತ ಖಚಿತವಾಯಿತು, ದೇಶದ ಮೊದಲ ಸಾವು. ಅವರು ಸೌದಿಯಿಂದ ಬಂದಿದ್ದರು. ಅವತ್ತಿನಿಂದ ದೇಶದ ಎಲ್ಲ ಟಿವಿಯಲ್ಲೂ ನಮ್ಮೂರಿನ ಹೆಸರು. ಬೆಂಗಳೂರಿನಲ್ಲಿದ್ದ ನಮ್ಮ ಹುಡುಗರಿಗೆ ಪಿಜಿಯವರು 'ಊರಿಗೆ ಹೋಗಿದ್ರಾ' ಅಂತ ಕೇಳೋಕೆ ಶುರು ಮಾಡಿದರು. ಗಾಣಗಾಪುರಕ್ಕೆ, ಬಂದೇ ನವಾಜ್ ದರ್ಗಾಕ್ಕೆ, ಶರಣಬಸವೇಶ್ವರರ ಗುಡಿಗೆ ಬರುವವರನ್ನೇ ನಂಬಿದ ಹೂವಿನವರು, ಲಾಡ್ಜಿನವರು, ಆಟೋದವರು ತಿಂಗಳುಗಟ್ಟಲೆ ಕೈ ಕಟ್ಟಿ ಕೂತರು. ನಮಗಾದರೂ ಹೊಲ ಇದೆ, ಎಪಿಎಂಸಿ ಇದೆ. ದ್ವೀಪದವರಿಗೆ ಪ್ರವಾಸಿ ಬಿಟ್ಟರೆ ಬೇರೆ ಏನಿದೆ?

ಅದಕ್ಕೇ ದ್ವೀಪ ಮುಚ್ಚಿ ಅಂತ ನಾನು ಬರೀತಿಲ್ಲ. ಮುಚ್ಚಿದರೆ ಹೊಟ್ಟೆಗೆ ಹೊಡೆತ, ತೆರೆದರೆ ಜೀವಕ್ಕೆ. ಲಕ್ಷದ್ವೀಪದವರು ಕೊಚ್ಚಿಯಲ್ಲೇ ಕ್ವಾರಂಟೈನ್ ಮುಗಿಸಿ ಬರಬೇಕು ಅಂತ ನಿಯಮ ಮಾಡಿ 2020 ಪೂರ್ತಿ ಒಂದೇ ಒಂದು ಕೊರೊನಾ ಕೇಸ್ ಇಲ್ಲದೆ ಕಳೆದರು. ಡಿಸೆಂಬರ್ ಕೊನೆಗೆ ನಿಯಮ ಸಡಿಲಿಸಿ, ನೆಗೆಟಿವ್ ರಿಪೋರ್ಟ್ ಇದ್ದರೆ ಸಾಕು ಅಂದರು. 2021ರ ಜನವರಿಯಲ್ಲಿ ಮೊದಲ ಕೇಸ್, ಮುಂದಿನ ಕೆಲವೇ ತಿಂಗಳಲ್ಲಿ ಸಾವಿರಾರು. 65 ಸಾವಿರದಷ್ಟು ಜನ ಇರುವ ಜಾಗ, ಜೀವಕ್ಕೆ ಕುತ್ತು ಬಂದವರನ್ನ ಹೆಲಿಕಾಪ್ಟರ್‌ನಲ್ಲಿ ಕೊಚ್ಚಿಗೆ ಸಾಗಿಸಬೇಕು. ಮಾಲ್ಡೀವ್ಸ್ ಬೇರೆ ದಾರಿ ಹಿಡಿಯಿತು. 2020ರ ಜುಲೈ 15ಕ್ಕೇ ಬಾಗಿಲು ತೆರೆಯಿತು, ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಇರೋದರಿಂದ ಪ್ರವಾಸಿಗರು ಊರಿನವರ ಜೊತೆ ಅಷ್ಟಾಗಿ ಬೆರೆಯಲ್ಲ. ಆದರೂ 2021ರ ಮೇ ತಿಂಗಳಲ್ಲಿ ಭಾರತದವರಿಗೆ ವೀಸಾ ನಿಲ್ಲಿಸಬೇಕಾಯಿತು. ಪೂರ್ತಿ ಸರಿಯಾದ ದಾರಿ ಯಾರಿಗೂ ಸಿಗಲಿಲ್ಲ. ಆದರೆ ಒಂದು ಎಲ್ಲ ಕಡೆಯೂ ಕಾಣುತ್ತದೆ: ರೋಗವನ್ನ ದ್ವೀಪಕ್ಕೆ ಕಾಲಿಟ್ಟ ಮೇಲೆ ತಡೆಯೋದು ಕಷ್ಟ, ಹೊರಡೋ ಊರಿನಲ್ಲಿ ತಡೆಯೋದು ಸುಲಭ. ಆ ಹೊರಡೋ ಊರು ನಮ್ಮದು.

ಈಗ ಟೂರ್ ನಡೆಸುವ ಅಣ್ಣಂದಿರಿಗೆ. ನಿಮ್ಮ ಕಷ್ಟ ಗೊತ್ತಿಲ್ಲದೆ ಬರೀತಿಲ್ಲ. ವಿಮಾನದ ಟಿಕೆಟ್ ತಿಂಗಳುಗಳ ಮುಂಚೆ ತೆಗೀಬೇಕು, ದ್ವೀಪದ ಹೋಟೆಲಿನವರು ಅಡ್ವಾನ್ಸ್ ವಾಪಸ್ ಕೊಡಲ್ಲ, ಒಬ್ಬರು ಬಿಟ್ಟರೆ ಆ ಸೀಟಿನ ಲುಕ್ಸಾನು ನಿಮ್ಮ ತಲೆ ಮೇಲೆ. ನೀವೂ ಬಡ್ಡಿಗೆ ತಂದು ಹಾಕಿರ್ತೀರಿ. ಒಪ್ತೀನಿ. ಆದರೆ ಆ ಲುಕ್ಸಾನನ್ನ ಜ್ವರ ಬಂದವನ ಒಬ್ಬನ ಮೇಲೆ ಹಾಕಿದರೆ ಅವನು ಗುಳಿಗೆ ನುಂಗಿ ಬಂದೇ ಬರ್ತಾನೆ. ಬಂದವನು ಉಳಿದವರಿಗೆಲ್ಲ ಹಂಚ್ತಾನೆ. ಆಮೇಲೆ ಹೋಟೆಲಿನಲ್ಲಿ ಮಲಗಿದವರನ್ನ ನೋಡಿಕೊಳ್ಳೋ ಖರ್ಚು, ಟಿಕೆಟ್ ಬದಲಿಸೋ ಖರ್ಚು, ಊರಿಗೆ ಬಂದ ಮೇಲೆ ಬೈಗುಳ, ಇವೆಲ್ಲ ನಿಮಗೇ ಅಲ್ವಾ? ಎಲ್ಲರ ಪ್ಯಾಕೇಜಿಗೂ ಸ್ವಲ್ಪ ಸ್ವಲ್ಪ ಸೇರಿಸಿ ಒಂದು ಗಂಟು ಮಾಡಿಡಿ. ಜ್ವರದ ಸರ್ಟಿಫಿಕೇಟ್ ತಂದವರಿಗೆ ಅದರಿಂದ ಹಣ ಕೊಡಿ, ಇಲ್ಲವೇ ಮುಂದಿನ ಟೂರಿಗೆ ಸೀಟು ಕೊಡಿ. ನಮಗೆ ಮಾಡಿಸಿದ್ದ ಇನ್ಶೂರೆನ್ಸ್‌ನಲ್ಲಿ ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ ದುಡ್ಡು ಅಂತ ಇತ್ತು, ಬರೀ ಜ್ವರಕ್ಕೆ ಏನೂ ಇಲ್ಲ. ಅಂಥದ್ದು ಮಾಡಿಸಿ ಕೈ ತೊಳೆದುಕೊಳ್ಳಬೇಡಿ.

ಆಗೋದಿಲ್ಲ ಅನ್ನಬೇಡಿ. ಕೊರೊನಾ ಲಾಕ್‌ಡೌನ್‌ನಲ್ಲಿ ರದ್ದಾದ ವಿಮಾನದ ಟಿಕೆಟಿನ ಹಣ ವಾಪಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಆದೇಶ ಮಾಡಿತು. ಕೈಯಲ್ಲಿ ಕಾಸಿಲ್ಲದ ಕಂಪನಿಗಳಿಗೆ ಅದನ್ನ ಕ್ರೆಡಿಟ್ ರೂಪದಲ್ಲಿ ಇಟ್ಟುಕೊಡೋಕೆ ದಾರಿಯನ್ನೂ ಮಾಡಿಕೊಟ್ಟಿತು. ವಿಮಾನ ಕಂಪನಿಗಳಿಗೆ ಆಗಿದ್ದು ನಮ್ಮೂರಿನ ಟೂರಿಗೆ ಯಾಕೆ ಆಗಲ್ಲ?

ಇಲಾಖೆಯವರಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರವಾಸದ ವ್ಯಾಪಾರ ಮಾಡುವವರ ನೋಂದಣಿಗೆ ರಾಜ್ಯದಲ್ಲಿ 2015ರಿಂದಲೇ ಕಾಯ್ದೆ ಇದೆ. ಆ ನೋಂದಣಿಯ ಷರತ್ತಿನಲ್ಲಿ ಇದನ್ನೂ ಸೇರಿಸಿ: ಸರ್ಕಾರಿ ಡಾಕ್ಟರ ಬಳಿ ಅಂಟುರೋಗ ಅಂತ ಬರೆಸಿಕೊಂಡು ಬಂದವರಿಗೆ ಹಣ ಅಥವಾ ಬೇರೆ ತಾರೀಕು ಕೊಡಲೇಬೇಕು. ದಾರಿಯಲ್ಲಿ ಹುಷಾರು ತಪ್ಪಿದವರಿಗೆ ಉಳಿದುಕೊಳ್ಳೋ ಒಂದು ರೂಮಿನ ವ್ಯವಸ್ಥೆ ಪ್ಯಾಕೇಜಿನ ಒಳಗೇ ಇರಬೇಕು. ಸರ್ಟಿಫಿಕೇಟ್ ಸುಳ್ಳು ಬರೆಸಿಕೊಂಡು ಬರ್ತಾರೆ ಅಂತ ಟೂರಿನವರು ಹೇಳ್ತಾರೆ. ಒಂದಿಬ್ಬರು ಬರಬಹುದು, ಅವರಿಗೆ ಹೆದರಿ ನಿಜವಾದ ರೋಗಿಗಳನ್ನ ವಿಮಾನ ಹತ್ತಿಸೋದಾ?

ಆರೋಗ್ಯ ಇಲಾಖೆಯವರ ಜೊತೆಗೂ ಮಾತಾಡಿ. ದ್ವೀಪಕ್ಕೆ ಹೋಗುವ ಗುಂಪು ಹೊರಡೋಕೆ ಒಂದು ತಿಂಗಳು ಇರುವಾಗ ಮಕ್ಕಳ ಲಸಿಕೆ ಕಾರ್ಡ್ ನೋಡೋ ವ್ಯವಸ್ಥೆ ತಾಲೂಕು ಆಸ್ಪತ್ರೆಯಲ್ಲಿ ಆಗಲಿ. ದಡಾರ-ರುಬೆಲ್ಲಾ ಲಸಿಕೆ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಎರಡೂ ಪುಕ್ಕಟೆ. ಆ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದ ಜಾಗಗಳಲ್ಲಿ ಕರ್ನಾಟಕವೂ ಇತ್ತು, ಲಕ್ಷದ್ವೀಪವೂ ಇತ್ತು. ಆದರೂ ಆ ಹುಡುಗನ ಎರಡನೇ ಡೋಸು ಬಾಕಿ ಇತ್ತು, ದುಡಿಯೋಕೆ ಊರೂರು ತಿರುಗಿದ ಮನೆಯವರು, ತಪ್ಪಿ ಹೋಗಿತ್ತು. ಟೂರಿನವರು ಆಧಾರ್ ಕಾರ್ಡ್ ಜೆರಾಕ್ಸ್ ಕೇಳಿದರು, ಎರಡು ಫೋಟೋ ಕೇಳಿದರು. ಆಗಲೇ ಲಸಿಕೆ ಕಾರ್ಡೂ ಕೇಳಿದ್ದರೆ ಅವರ ಗಂಟೇನು ಹೋಗ್ತಿತ್ತು?

ಹಾಗೇ ವಾಪಸ್ ಬರುವವರಿಗೆ ಕನ್ನಡದಲ್ಲಿ ಒಂದು ಸಣ್ಣ ಚೀಟಿ ಕೊಡಿಸಿ. ಎರಡು ವಾರದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಮೊದಲು ಹೇಳಿ, ಸೊಳ್ಳೆ ಕಚ್ಚದಂತೆ ಪರದೆಯೊಳಗೆ ಮಲಗಿ ಅಂತ ಎರಡು ಮಾತು. ನಮ್ಮ ಮನೆಗಳಲ್ಲಿ ತೊಟ್ಟಿ, ಡ್ರಮ್ಮು ಅಂತ ನೀರು ತುಂಬಿಡೋದು ತಪ್ಪಲ್ಲ, ಸೊಳ್ಳೆಗೆ ಅದು ಹಬ್ಬ. ದ್ವೀಪದಿಂದ ತಂದ ವೈರಸ್ಸು ಓಣಿಗೆ ಹರಡೋಕೆ ಇಷ್ಟು ಸಾಕು.

ಈ ಸಲದ ಡಿಸೆಂಬರ್ ಬುಕಿಂಗ್ ಶುರುವಾಗೋ ಮುಂಚೆ ಮೂರೂ ಜಿಲ್ಲೆಯ ಟೂರಿನವರನ್ನ, ಆರೋಗ್ಯ ಇಲಾಖೆಯವರನ್ನ, ಹೋಗಿ ಬಂದ ನಮ್ಮಂಥ ಕೆಲವರನ್ನ ಕೂಡಿಸಿ ಕಲಬುರಗಿಯಲ್ಲಿ ಒಂದು ಸಭೆ ಕರೆಯಿರಿ ಅಂತ ಕೇಳಿಕೊಳ್ತೀನಿ. ಮೇಲೆ ಹೇಳಿದ ಷರತ್ತುಗಳಲ್ಲಿ ಯಾವುದು ಆಗುತ್ತೆ, ಯಾವುದು ಆಗಲ್ಲ, ಆಗದಿದ್ದರೆ ಯಾಕೆ ಅಂತ ಬರಹದಲ್ಲಿ ಉತ್ತರ ಕೊಡಿ. ಆ ಹುಡುಗನ ತಾಯಿಯೂ ಸಭೆಗೆ ಬರ್ತೀನಿ ಅಂದಿದ್ದಾರೆ, ದಯವಿಟ್ಟು ಅವರಿಗೆ ಮೊದಲು ಮಾತಾಡೋಕೆ ಬಿಡಿ.

ಇಂತಿ ನಿಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ಪ್ರವಾಸಿ